ರಕಾರದಿಂದ ವಿದ್ಯಾರಂಭ

ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಒಂದನೆಯ ತರಗತಿಯ ಮಾತೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಂದ ಎಂಟನೆಯ ತರಗತಿಗೆ ಬಂದು ಸೇರುವ ಬಾಲಕಿಯರಲ್ಲಿ ಕೆಲವರು, ಎಲ್ಲರೂ ಒಟ್ಟಾಗಿ ಓದುವಾಗ ತುಟಿಯಾಡಿಸುತ್ತಿದ್ದು, ಒಬ್ಬಳೇ ಓದೆಂದಾಗ ತಲೆತಗ್ಗಿಸಿ ನಿಲ್ಲುವುದುಂಟು. ಅಂಥವಳಿಗೆ ಬುದ್ಧಿ ಸಾಲದೆಂದು ತೀರ್ಮಾನಿಸುವುದು ಬಹಳ ಸುಲಭ. ಆದರೆ ಹತ್ತಿರ ಕೂರಿಸಿಕೊಂಡು ವಿಚಾರಿಸಿದರೆ, ಅವಳು ಬಾಯಿಲೆಕ್ಕ ಬಲ್ಲಳು, ಸಂತೆಯ ವ್ಯವಹಾರ ಬಲ್ಲಳು, ಕೇಳಿದ ಕಥೆಯನ್ನು ಒಂದಂಶವೂ ಬಿಡದೆ ತಿರುಗಿ ಹೇಳಬಲ್ಲಳು; ಒತ್ತಕ್ಷರ ಎದುರಾದಲ್ಲಿ ಮಾತ್ರ ನಿಂತುಬಿಡುವಳು. ಆ ತೊಡಕು ಬಿದ್ದದ್ದು ಎಂಟನೆಯ ತರಗತಿಯಲ್ಲಲ್ಲ, ಮೊದಲ ಮೂರು ವರ್ಷಗಳಲ್ಲಿ. ಆದುದರಿಂದ ಆ ಎಳೆಯ ತರಗತಿಗಳಿಗಾಗಿ ನಮ್ಮ ಕಾಲದಲ್ಲಿ ಬಂದ ‘ನಲಿ-ಕಲಿ’ ಎಂಬ ಪಾಠಕ್ರಮವನ್ನು ತಿಳಿಯಹೇಳುವುದು ಉಚಿತವೆಂದು ಎಣಿಸಿದ್ದೇವೆ.

ಹಿಂದೆ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ವರ್ಣಮಾಲೆಯೂ ಕಾಗುಣಿತವೂ ಬಾಯಿಪಾಠವಾಗಬೇಕಾಗಿತ್ತು. ತರುವಾಯ ಸ್ಲೇಟೂ ಅಚ್ಚಿನ ಪುಸ್ತಕವೂ ಬಂದುವು. ಕ್ರಮ ಮಾತ್ರ ಬಹುಕಾಲ ಅದೇ ಉಳಿಯಿತು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಸಮೀಪದ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳ ಪದ್ಧತಿಯನ್ನು ಕಣ್ಣಾರೆ ಕಂಡುಬಂದರು. ಯೂನಿಸೆಫ್ ಸಂಸ್ಥೆಯ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿ ಆರಂಭಿಸಿದುದೇ ನಲಿ-ಕಲಿ. ೨೦೦೯-೧೦ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ವಿಸ್ತರಿಸಿತು. ಮೇಲಿನಿಂದ ಇಳಿದ ಆಜ್ಞೆಯಾಗಿ ಹುಟ್ಟದೆ, ಮಕ್ಕಳ ನಡುವೆ ಕುಳಿತಿದ್ದ ಉಪಾಧ್ಯಾಯರ ಕೈಯಲ್ಲಿ ಬೆಳೆದ ಕ್ರಮವೆಂಬುದೇ ನಮಗೆ ಇದರಲ್ಲಿ ಹೆಚ್ಚು ಮೆಚ್ಚಿಕೆಯಾದ ಅಂಶ.

ಈ ಕ್ರಮವನ್ನು ಮೊದಲ ಬಾರಿಗೆ ನೋಡಿದ ಹಿರಿಯರು ಬೆರಗಾಗುವರು. ಮಗು ‘ಅ ಆ ಇ ಈ’ ಎನ್ನುವುದಿಲ್ಲ. ‘ರ, ಗ, ಸ, ದ, ಅ’ ಎನ್ನುತ್ತದೆ. ವರ್ಣಮಾಲೆಯ ಕೊನೆಯ ಭಾಗದಲ್ಲಿ, ಯಕಾರದ ಬಳಿಕ ಬರುವ ರಕಾರವು ಇಲ್ಲಿ ಮೊದಲು ಬರುವುದೇಕೆ? ಬರೆಯುವ ಎಳೆಯ ಕೈಗೆ ಅದು ಸುಲಭ. ಜೊತೆಗೆ ಈ ಐದೇ ಅಕ್ಷರಗಳಿಂದ ಸರ, ರಸ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮುಂದೆ ‘ಜ, ವ, ಮ, ಬ, ನ’ ಸೇರಿದೊಡನೆ ಮರ, ದನ, ಜನ, ನಗರಗಳೂ ಬರುವುವು. ಹತ್ತು ಅಕ್ಷರ ಬಲ್ಲ ಮಗು ಆಗಲೇ ಅರ್ಥವುಳ್ಳ ಮಾತನ್ನು ಓದಬಲ್ಲದು. ವರ್ಣಮಾಲೆ ಪೂರ್ತಿಯಾಗುವವರೆಗೂ ಕಾಯಿಸಿದರೆ, ಓದೆಂದರೆ ಅರ್ಥವಿಲ್ಲದ ಧ್ವನಿಯೆಂಬ ಭಾವನೆ ಮಗುವಿನಲ್ಲಿ ಬೇರೂರುವ ಅಪಾಯವಿದೆ. ಸ್ವರವ್ಯಂಜನಗಳ ಶಾಸ್ತ್ರೀಯ ಕ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಅದು ವ್ಯಾಕರಣಕ್ಕೆ ಬೇಕು, ನಿಘಂಟನ್ನು ನೋಡುವುದಕ್ಕೂ ಬೇಕು. ಆದರೆ ಆರು ವರ್ಷದ ಮಗು ನಿಘಂಟು ನೋಡಲು ಹೊರಟಿಲ್ಲವಷ್ಟೆ.

ಬಿಡಿ ಅಕ್ಷರ ಬಂತೆಂದ ಮಾತ್ರಕ್ಕೆ ಕನ್ನಡದ ಓದು ಮುಗಿಯಲಿಲ್ಲ. ನಮ್ಮ ಬಸ್ಸುಗಳ ಹಲಗೆಗಳನ್ನೇ ನೋಡಿರಿ. ‘ಹಿರಿಯೂರು’ ಎಂಬಲ್ಲಿ ಒತ್ತಕ್ಷರವಿಲ್ಲ. ಗುಣಿತ ಬಲ್ಲ ಮಗು ಅದನ್ನು ಓದಿಬಿಡುವುದು. ‘ಹೊಳಲ್ಕೆರೆ’ಯಲ್ಲಿ ಲಕಾರದ ಕೆಳಗೆ ಕಕಾರ ಒತ್ತಾಗಿ ಬರುವುದರಿಂದ ಓದು ತಡವರಿಸುವುದು. ‘ಹೊಸದುರ್ಗ’ದಲ್ಲಿ ಮೊದಲು ಕಲಿತ ಸ, ದ, ಗ ಮೂರೂ ಇವೆ, ರಕಾರವೂ ಇದೆ, ಆದರೆ ಗಕಾರದ ಮುಂದೆ, ಒಂಬತ್ತರ ಅಂಕಿಯಂತೆ, ಅರ್ಕಾವೊತ್ತಾಗಿ ನಿಂತಿದೆ. ಬರೆಯುವಾಗ ಹಿಂದೆ, ಉಚ್ಚರಿಸುವಾಗ ಮುಂದೆ! ಇನ್ನು ‘ಚಿತ್ರದುರ್ಗ’ದಲ್ಲಿ ರಕಾರ ಎರಡು ಸಲ ಬಂದರೂ ತನ್ನ ನಿಜರೂಪದಲ್ಲಿ ಒಮ್ಮೆಯೂ ಕಾಣುವುದಿಲ್ಲ, ಒಮ್ಮೆ ತಕಾರದ ಕೆಳಗೆ ಅಡಗಿದೆ, ಒಮ್ಮೆ ಅರ್ಕಾವೊತ್ತಾಗಿದೆ. ಹೀಗೆ ಮೊದಲ ದಿನಗಳಲ್ಲಿ ಕಲಿತ ಒಂದೇ ಅಕ್ಷರವನ್ನು ಅದರ ಎಲ್ಲ ವೇಷಗಳಲ್ಲಿಯೂ ಗುರುತಿಸುವಷ್ಟು ಪಳಗಲು ಮಗುವಿಗೆ ಎರಡು ಮೂರು ವರ್ಷಗಳು ಹಿಡಿಯುವುವು. ಎಂಟನೆಯ ತರಗತಿಯಲ್ಲಿ ತಲೆತಗ್ಗಿಸಿದ ಬಾಲಕಿ ಎಡವಿದುದು ಬಹುಮಟ್ಟಿಗೆ ಈ ದಾರಿಯಲ್ಲಿಯೇ.

ಎಡವಿದುದಕ್ಕೆ ಕಾರಣವನ್ನೂ ಹೇಳಬೇಕು. ಶೇಂಗಾ ಕೀಳುವ ಕಾಲದಲ್ಲಿ ತಾಯಿ ಹೊಲಕ್ಕೆ ಹೋದರೆ, ತೊಟ್ಟಿಲ ಮಗುವನ್ನು ನೋಡಿಕೊಳ್ಳಲು ಏಳು ವರ್ಷದ ಅಕ್ಕ ಮನೆಯಲ್ಲಿ ನಿಲ್ಲುವಳು. ಅಣ್ಣ ಶಾಲೆಗೆ ಹೋಗುವನು. ಕೆಲವು ವಾರಗಳ ಮೇಲೆ ಅವಳು ಬಂದಾಗ ಪುಸ್ತಕ ಮುಂದೆ ಓಡಿರುತ್ತದೆ. ನಲಿ-ಕಲಿಯ ನಿಜವಾದ ಉಪಕಾರ ಇಲ್ಲಿಯೇ ಇದೆ. ಕಲಿಯಬೇಕಾದುದನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ, ಗೋಡೆಯ ಮೇಲೆ ಕಲಿಕೆಯ ಏಣಿಯಾಗಿ ಬರೆದಿರುವರು. ಒಂದೊಂದು ಮೆಟ್ಟಿಲಿಗೂ ಚಿತ್ರದ ಗುರುತುಳ್ಳ ಕಾರ್ಡು. ಅಕ್ಷರ ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುವುದು. ಬಿಟ್ಟುಹೋದ ಬಾಲಕಿ ಮರಳಿ ಬಂದರೆ, ಬಿಟ್ಟ ಮೆಟ್ಟಿಲಿನಿಂದಲೇ ಹೊರಡುವಳು. ಹಿಂದುಳಿದವಳೆಂಬ ಹೆಸರು ಹೊರಬೇಕಾಗಿಲ್ಲ. ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕೂರುವರು. ಹೊಸ ಪಾಠದವರ ಬಳಿ ಉಪಾಧ್ಯಾಯಿನಿ ಕುಳಿತರೆ, ಅಭ್ಯಾಸ ಮಾಡುವವರಿಗೆ ಮೇಲಿನ ಗುಂಪಿನ ಗೆಳತಿಯೇ ಗುರು. ಚೆನ್ನಾಗಿ ಬಲ್ಲವರು ತಾವೇ ಓದಿಕೊಳ್ಳುವರು. ಹೊರಗಿನಿಂದ ಗದ್ದಲವಾಗಿ ಕೇಳುವುದು ನಿಜ.

ಲೆಕ್ಕದ ಮಾತನ್ನು ಸಂಕ್ಷೇಪವಾಗಿ ಹೇಳುವೆವು: ಹುಣಸೆಬೀಜಗಳೂ ಹತ್ತು ಹತ್ತು ಕಡ್ಡಿಗಳ ಕಟ್ಟುಗಳೂ ಮಗ್ಗಿಗೆ ಮೊದಲೇ ಬರಬೇಕು.

ಈ ಸೀಮೆಯ ಲಂಬಾಣಿ ತಾಂಡಗಳಿಂದ ಬರುವ ಮಗುವಿಗೆ ಮನೆಯ ಮಾತೇ ಬೇರೆ. ಅದು ಸುಮ್ಮನಿದ್ದರೆ ದಡ್ಡತನವೆಂದು ತಿಳಿಯಲಾಗದು. ಅದು ಒಂದೇ ಕಾಲದಲ್ಲಿ ಕನ್ನಡವನ್ನೂ ಕನ್ನಡದ ಅಕ್ಷರವನ್ನೂ ಕಲಿಯುತ್ತಿದೆ. ಹಾಡು, ಕಥೆ, ಅಭಿನಯಗಳು ಈ ಮಕ್ಕಳಿಗೆ ವಿನೋದವಷ್ಟೇ ಅಲ್ಲ, ಪಾಠವೇ ಆಗಿವೆ. ಮನೆಯ ಮಾತಿನಲ್ಲಿ ಉತ್ತರ ಕೊಟ್ಟ ಮಗುವನ್ನು ಗದರಿಸುವ ಉಪಾಧ್ಯಾಯಿನಿಗೆ ಮುಂದೆ ಯಾವ ಭಾಷೆಯಲ್ಲಿಯೂ ಉತ್ತರ ಸಿಕ್ಕದು.

ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಕಾರ್ಡುಗಳು ಹರಿಯುವುವು, ಕಳೆದುಹೋಗುವುವು. ಮೂರು ತರಗತಿಗಳಿಗೆ ಒಬ್ಬಳೇ ಉಪಾಧ್ಯಾಯಿನಿಯಾಗಿ, ದಾಖಲೆ ಬರೆಯುವ ಕೆಲಸವೂ ಅವಳ ಮೇಲೆಯೇ ಬಿದ್ದರೆ, ಕಲಿಕೆಯ ನಕ್ಷೆಯಲ್ಲಿ ಗುರುತುಗಳು ಏರುತ್ತಿರುವುವು, ಮಗು ಮಾತ್ರ ನಿಂತಲ್ಲಿಯೇ ನಿಂತಿರುವುದು. ಒಬ್ಬೊಬ್ಬ ಮಗುವಿನ ಓದನ್ನೂ ಬೇರೆಬೇರೆಯಾಗಿ ಕಿವಿಗೊಟ್ಟು ಕೇಳುವುದಕ್ಕೆ ಬದಲಾದ ಸಾಧನ ಯಾವ ಪದ್ಧತಿಯಲ್ಲಿಯೂ ಇಲ್ಲ.

ಈ ಕೇಳುವ ಕೆಲಸದಲ್ಲಿ ಪೋಷಕರ ಪಾಲೂ ಇದೆ. ತಾಯಿಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ. ಸಂಜೆ ಒಲೆಯ ಬಳಿ ಮಗಳನ್ನು ಕೂರಿಸಿಕೊಂಡು, ಅವಳು ಓದುವುದನ್ನು ಕೇಳಿ, ‘ಹಾಗೆಂದರೇನು?’ ಎಂದು ಕೇಳಿದರೆ ಸಾಕು. ತಡವರಿಸಿದಲ್ಲಿ ಬೈಯಬಾರದು, ಅಣ್ಣನೊಡನೆ ಹೋಲಿಸಬಾರದು. ಸುಗ್ಗಿಯ ಕಾಲದಲ್ಲಿ ಕೂಸನ್ನು ನೋಡಿಕೊಳ್ಳಲು ಬೇರೆ ಏರ್ಪಾಡನ್ನು ಮುಂಚಿತವಾಗಿಯೇ ಯೋಚಿಸಬೇಕು. ಅಂಗನವಾಡಿ ಇರುವ ಊರಿನಲ್ಲಿ ಮೂರು ವರ್ಷ ತುಂಬಿದ ತಮ್ಮನನ್ನು ಅಲ್ಲಿಗೆ ಕಳುಹಿಸಿದರೆ ಅಕ್ಕನ ಶಾಲೆ ತಪ್ಪದು. ಹಳ್ಳಿಶಾಲೆಗಳಲ್ಲಿ ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದೇ ಬಿನ್ನಹ: ಮೂರನೆಯ ತರಗತಿಯಿಂದ ಮೇಲಕ್ಕೆ ಕಳುಹಿಸುವ ಮೊದಲು ಪ್ರತಿಯೊಬ್ಬ ಬಾಲಕಿಯ ಕೈಯಲ್ಲಿಯೂ ಅವಳು ಹಿಂದೆ ಕಾಣದ ಒಂದು ಪುಟವನ್ನು ಕೊಟ್ಟು, ಒಬ್ಬಳನ್ನೇ ಓದಿಸಿ ನೋಡಿರಿ.