ಅನ್ನ ಸಿಕ್ಕಿತು, ಅಜ್ಜಿಯ ಮಾತು ಹೋಯಿತು

ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ಉದ್ದನಪಲ್ಲಿ ಎಂಬ ಊರಿದೆ. ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುವ ಸೀಮೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. 2004ರಿಂದ ಅದು ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ಗಡಿಯಾಚೆ ಉಳಿದವರ ಕಷ್ಟ ನಮ್ಮ ವಾಚಕರಿಗೆ ಹೊಸದಲ್ಲ. ಆದರೆ ಇಂದು ನಾವು ಹೇಳಹೊರಟಿರುವುದು ಶಾಲೆ, ಕಚೇರಿಗಳ ಭಾಷೆಯ ವಿಚಾರವಲ್ಲ. ಅನಾಥಾಶ್ರಮದಲ್ಲಿ ಬೆಳೆದ ಒಬ್ಬ ಹುಡುಗನ ವಿಚಾರ.

ಹದಿನೈದು ವರ್ಷಗಳಿಗೂ ಹಿಂದೆ ನಾವು ಆ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಕಿರಿಯ ತರಗತಿಗಳಿಗೆ ಪಾಠ ಹೇಳುತ್ತಿದ್ದೆವು. ಉದ್ದನಪಲ್ಲಿ ಕಡೆಯ ಹುಡುಗನೊಬ್ಬ ಮೂರನೆಯ ತರಗತಿಯಲ್ಲಿದ್ದ. ತಂದೆ ತೀರಿಕೊಂಡರು, ವರ್ಷ ತುಂಬುವುದರೊಳಗೆ ತಾಯಿಯೂ ಹೋದರು. ಉಳಿದವಳು ಕೂಲಿ ಮಾಡುವ ಅಜ್ಜಿ. ದೂರದ ಪಟ್ಟಣದ ಆಶ್ರಮವೊಂದರಲ್ಲಿ ಊಟ, ಬಟ್ಟೆ, ಓದು ಎಲ್ಲವೂ ಉಚಿತವೆಂದು ತಿಳಿದು, ಅಜ್ಜಿಯನ್ನು ಒಪ್ಪಿಸಿ ಅರ್ಜಿ ಬರೆದುಕೊಟ್ಟವರು ನಾವೇ. ಪುಣ್ಯದ ಕೆಲಸವೆಂದೇ ತಿಳಿದಿದ್ದೆವು. ಮೊದಲ ಎರಡು ವರ್ಷ ಅಜ್ಜಿ ಹೋಗಿ ನೋಡಿ ಬಂದಳು. ಬಸ್ಸಿನ ಖರ್ಚು ಹೊರಲಾರದೆ ಅದೂ ನಿಂತಿತು.

ಹದಿನೆಂಟು ತುಂಬಿದಾಗ ಹುಡುಗ ತಿರುಗಿ ಬಂದ. ಅಜ್ಜಿ ಅವನ ಕೈಹಿಡಿದು ನಮ್ಮ ಮನೆಗೆ ಕರೆತಂದಳು. “ಮೇಷ್ಟ್ರೇ, ಇವನು ಏನಂತಾನೆ, ಸ್ವಲ್ಪ ಕೇಳಿ ಹೇಳಿ” ಎಂದಳು. ಕನ್ನಡದಲ್ಲಿ ಅವನಿಗೆ ಉಳಿದದ್ದು ‘ಹಿಟ್ಟು’, ‘ಹೊಲ’ ಎಂಬಂಥ ನಾಲ್ಕಾರು ಪದ. ಅಜ್ಜಿಗೆ ಸಂತೆಯಲ್ಲಿ ವ್ಯಾಪಾರ ಮಾಡುವಷ್ಟೇ ತಮಿಳು. ಅಜ್ಜಿ ಮೊಮ್ಮಗನ ನಡುವೆ ನಾವು ದುಭಾಷಿಯಾಗಿ ಕುಳಿತೆವು. ಆಕೆ ಕೇಳಿಸಿದ ಮೊದಲ ಪ್ರಶ್ನೆ: “ಅಲ್ಲಿ ರಾತ್ರಿ ಹೆದರಿಕೆಯಾದರೆ ಯಾರನ್ನು ಕರೀತಿದ್ದೆ, ಮಗಾ?” ಅವನು ಬಹಳ ಹೊತ್ತು ಸುಮ್ಮನಿದ್ದು, “ಯಾರನ್ನೂ ಇಲ್ಲ. ವಾರ್ಡನ್‌ಗಳು ಬದಲಾಗುತ್ತಲೇ ಇದ್ದರು” ಎಂದ.

ಆಶ್ರಮವನ್ನು ದೂರುವುದು ನಮ್ಮ ಉದ್ದೇಶವಲ್ಲ. ಅದು ಹಸಿವಿನಿಂದ ಕಾಪಾಡಿತು, ಓದಿಸಿತು. ಇಂದು ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಆದರೆ ಇಪ್ಪತ್ತಾರರ ಪ್ರಾಯದಲ್ಲೂ ತಟ್ಟೆಗೆ ಎಡಗೈ ಅಡ್ಡವಿಟ್ಟೇ ಉಣ್ಣುತ್ತಾನೆ. ಕಾಯಿಲೆ ಬಿದ್ದರೆ ಯಾರಿಗೂ ಹೇಳುವುದಿಲ್ಲ. ಮೊನ್ನೆ ಮದುವೆಯ ಮಾತೆತ್ತಿದಾಗ, “ಮನೆಯೊಳಗೆ ಜನ ಹೇಗಿರ್ತಾರೆ ಅಂತಲೇ ನನಗೆ ಗೊತ್ತಿಲ್ಲ ಸಾರ್” ಎಂದುಬಿಟ್ಟ.

ಇದು ಒಬ್ಬನ ಸ್ವಭಾವದ ದೋಷವಲ್ಲ. ರುಮೇನಿಯ ದೇಶದಲ್ಲಿ 1989ರಲ್ಲಿ ಚೌಷೆಸ್ಕು ಆಡಳಿತ ಉರುಳಿದಾಗ ಅಲ್ಲಿನ ಸರಕಾರಿ ಸಂಸ್ಥೆಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ವಿಜ್ಞಾನಿಗಳು ಬುಖಾರೆಸ್ಟ್ ನಗರದ 136 ಕೂಸುಗಳ ಅಧ್ಯಯನ ಕೈಗೊಂಡರು. ಚೀಟಿ ಎತ್ತಿದಂತೆ ಆರಿಸಿ, ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿದರು. ಎರಡು ವರ್ಷದೊಳಗೇ ಮನೆ ಕಂಡ ಮಕ್ಕಳು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಹೆಚ್ಚು ಚೇತರಿಸಿಕೊಂಡರು. ನಮ್ಮ ಹುಡುಗನಿಗೆ ಎಂಟು ವರ್ಷ ಮನೆಯಿತ್ತು. ಅಷ್ಟು ಅವನ ಭಾಗ್ಯ. ಆಮೇಲೆ ಇಲ್ಲದೆ ಹೋದದ್ದು ಬದಲಾಗದ ಒಂದು ಮುಖ, ತನ್ನದೆನ್ನುವ ಒಂದು ಮಾತು.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು. ಬಡ ವಿಧವೆಯ ಮಗುವಿಗೆ, ಅಜ್ಜಿಯಂಥ ಬಂಧುಗಳ ಬಳಿ ಇರುವ ತಬ್ಬಲಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿಗೆ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬಹುದು. 1098ಕ್ಕೆ ಫೋನು ಮಾಡಿಯೂ ಕೇಳಬಹುದು. ಹದಿನೆಂಟಕ್ಕೆ ಹೊರಬಂದವರಿಗೆ 21ರವರೆಗೆ ಆಸರೆ ಕೊಡಲೂ ಕಾಯ್ದೆಯಲ್ಲಿ ದಾರಿಯುಂಟು.

ಅಂದು ನಾವು ಇಂಥ ದಾರಿಯನ್ನು ಹುಡುಕಲೇ ಇಲ್ಲ. ಗಡಿನಾಡಿನ ಅಧ್ಯಾಪಕರೂ ಹಿರಿಯರೂ ಇದನ್ನು ತಿಳಿದಿರಬೇಕು. ಈಗಾಗಲೇ ಆಶ್ರಮದಲ್ಲಿ ಮಗುವಿದ್ದರೆ ತಿಂಗಳಿಗೊಮ್ಮೆಯಾದರೂ ಹೋಗಿ ಕನ್ನಡದಲ್ಲಿ ನಾಲ್ಕು ಮಾತಾಡಿ ಬರಬೇಕು. ಬಸ್ಸಿನ ಖರ್ಚಿಲ್ಲದ ಅಜ್ಜಿಗೆ ಊರವರು ಆ ಖರ್ಚು ಕೊಡಬೇಕು.

ಆಶ್ರಮಕ್ಕೆ ಅರ್ಜಿ ಬರೆಯುವ ಮುನ್ನ ಉದ್ದನಪಲ್ಲಿಯ ಅಜ್ಜಿಯ ಪ್ರಶ್ನೆಯನ್ನು ನೆನೆಯಿರಿ. ರಾತ್ರಿ ಹೆದರಿಕೆಯಾದರೆ ಆ ಮಗು ಯಾರನ್ನು ಕರೆಯಬೇಕು?