ಗುಂಡಿ ಹೋಗಿ ಗಾಜು ಬಂತು

ಕಣ್ಣು ಕಪ್ಪುಹಲಗೆಯ ಮೇಲೆ, ಕೈ ಬೆಂಚಿನ ಕೆಳಗೆ. ನೋಡದೆಯೇ ಹೆಬ್ಬೆರಳಿನಿಂದ ಎಸ್ಸೆಮ್ಮೆಸ್ ಕುಟ್ಟುವ ಕಾಲೇಜು ಹುಡುಗರು ಎರಡು ದಶಕಗಳ ಹಿಂದೆ ಎಲ್ಲ ಊರುಗಳಲ್ಲೂ ಇದ್ದರು. 5ರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು. ಅದು ಬೆರಳಿಗೆ ತಗುಲಿದರೆ ಸಾಕು, ಉಳಿದ ಗುಂಡಿಗಳ ಜಾಗ ತಾನಾಗಿ ತಿಳಿಯುತ್ತಿತ್ತು. ಈಗಿನ ಬಹುತೇಕ ಫೋನುಗಳಲ್ಲಿ ಉಬ್ಬೂ ಇಲ್ಲ, ಅಂಕಿಯ ಗುಂಡಿಗಳೂ ಇಲ್ಲ. ಇರುವುದು ನುಣುಪಾದ ಗಾಜು.

ಆ ಗುಂಡಿಗಳ ಜೋಡಣೆ ಮೊಬೈಲಿಗಿಂತ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯ 1950ರ ದಶಕದ ಕೊನೆಯಲ್ಲಿ ಹಲವು ವಿನ್ಯಾಸಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸಿತು. ಹಳೆಯ ಡಯಲಿನಂತೆ ಚಕ್ರಾಕಾರವಾಗಿ ಜೋಡಿಸಿದ್ದೂ ಅದರಲ್ಲಿ ಒಂದು. ಕೊನೆಗೆ ಉಳಿದದ್ದು ಮೂರು ಮೂರು ಅಂಕಿಗಳ ಸಾಲು, ಕೆಳಗೊಂದು ಸೊನ್ನೆ. 1963ರಲ್ಲಿ ಹತ್ತೇ ಗುಂಡಿಗಳಿದ್ದ ಈ ಫೋನು ಮನೆಗಳಿಗೆ ಬಂತು. ನಕ್ಷತ್ರ ಮತ್ತು ಹ್ಯಾಶ್ ಚಿಹ್ನೆಗಳು ಸೇರಿ ಹನ್ನೆರಡಾದದ್ದು 1968ರಲ್ಲಿ. (ಕ್ಯಾಲ್ಕುಲೇಟರಿನಲ್ಲಿ 7, 8, 9 ಮೇಲಿದ್ದರೆ ಫೋನಿನಲ್ಲಿ 1, 2, 3 ಮೇಲೆ. ಇಂದಿಗೂ ಇಬ್ಬರಲ್ಲಿ ರಾಜಿಯಾಗಿಲ್ಲ.)

1973ರ ಏಪ್ರಿಲ್ 3ರಂದು ಮೊಟೊರೋಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮಾತಾಡಿದ ಮೊದಲ ಕೈಫೋನು ಒಂದು ಕಿಲೋಗೂ ಹೆಚ್ಚು ತೂಗುತ್ತಿತ್ತು. ಹತ್ತು ವರ್ಷದ ನಂತರ ಮಾರುಕಟ್ಟೆಗೆ ಬಂದ ಡೈನಾಟ್ಯಾಕ್ ಫೋನಿನ ಬೆಲೆ 3,995 ಡಾಲರ್. ಮಾತಿಗೆ ಸಿಗುತ್ತಿದ್ದದ್ದು ಅರ್ಧ ಗಂಟೆ. ಆಮೇಲಿನದು ಕುಗ್ಗುವಿಕೆಯ ಕಥೆ. 1996ರಲ್ಲಿ ಸ್ಟಾರ್‌ಟ್ಯಾಕ್ ಮಡಿಸಿಕೊಂಡು ಜೇಬಿಗೆ ಇಳಿಯಿತು. 1999ರ ನೋಕಿಯಾ 3210ರಲ್ಲಿ ಆಂಟೆನಾ ಒಳಗೆ ಸೇರಿತು.

ಇವೆಲ್ಲಕ್ಕಿಂತ ನಮ್ಮ ಜನಕ್ಕೆ ಹತ್ತಿರವಾದದ್ದು 2003ರ ನೋಕಿಯಾ 1100. ಭಾರತದಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಫೋನು ಅದು. ಧೂಳು ಒಳಹೋಗದಂತೆ ಮುಚ್ಚಿದ ಗುಂಡಿಗಳು, ಬೆವರಿದ ಕೈಯಿಂದ ಜಾರದ ಅಂಚು, ತುದಿಯಲ್ಲೊಂದು ಟಾರ್ಚು. ಕರೆಂಟು ಹೋದಾಗ ಆ ಟಾರ್ಚು ಎಷ್ಟು ಮನೆಗಳ ಫ್ಯೂಸು ಹುಡುಕಿಕೊಟ್ಟಿದೆಯೋ! ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು.

ಆದರೆ ಅದೇ ಗುಂಡಿಗಳು ಕನ್ನಡಕ್ಕೆ ಒಗ್ಗಲಿಲ್ಲ. ಇಂಗ್ಲಿಷಿನ 26 ಅಕ್ಷರಗಳನ್ನೇ ಎಂಟು ಗುಂಡಿಗಳಿಗೆ ಹಂಚಿ ತುರುಕಲಾಗಿತ್ತು. ‘ಎಸ್’ ಬೇಕಾದರೆ 7ನ್ನು ನಾಲ್ಕು ಸಲ ಒತ್ತಬೇಕು. ಹಾಗಿರುವಾಗ ನಮ್ಮ 49 ಅಕ್ಷರ, ಕಾಗುಣಿತ, ಒತ್ತಕ್ಷರಗಳಿಗೆ ಜಾಗವೆಲ್ಲಿ? ಕನ್ನಡವಿದ್ದ ಫೋನುಗಳೂ ಬಂದವು. ಆದರೆ ಓದುವವರ ಫೋನಿನಲ್ಲಿ ಲಿಪಿಯಿಲ್ಲದಿದ್ದರೆ ಕಾಣುತ್ತಿದ್ದದ್ದು ಬರೀ ಚೌಕಗಳ ಸಾಲು. ಇನ್ನೊಂದು ತಾರತಮ್ಯವೂ ಇತ್ತು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ, ಯೂನಿಕೋಡ್ ಕನ್ನಡಕ್ಕೆ 70 ಮಾತ್ರ, ಅದರಲ್ಲೂ ಒತ್ತು ದೀರ್ಘಗಳು ಬೇರೆ ಬೇರೆ ಲೆಕ್ಕ. ಹೀಗಾಗಿ ಒಂದು ಇಡೀ ತಲೆಮಾರು ‘ಊಟ ಆಯ್ತಾ’ ಎಂದು ಕೇಳುವುದನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ರೂಢಿ ಮಾಡಿಕೊಂಡಿತು. ‘ಊಟ’ಕ್ಕೆ ಎರಡು ‘ಓ’ ಹಾಕಿದರೆ ಎಂಟು ಸಲ ಒತ್ತು!

2007ರ ಜನವರಿಯಲ್ಲಿ ಐಫೋನನ್ನು ಪರಿಚಯಿಸುತ್ತ ಸ್ಟೀವ್ ಜಾಬ್ಸ್ ಹರಿಹಾಯ್ದದ್ದು ಇದೇ ಗುಂಡಿಗಳ ಮೇಲೆ. ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಗುಂಡಿ, ಬೇಕಿರಲಿ ಬೇಡದಿರಲಿ, ಅಲ್ಲೇ ಕೂತಿರುತ್ತದೆ ಎಂಬುದು ಅವರ ತಕರಾರು. ಸ್ಪರ್ಶಪರದೆ ಹೊಸತೇನಲ್ಲ, 1994ರಲ್ಲೇ ಐಬಿಎಂನ ಸೈಮನ್ ಫೋನಿನಲ್ಲಿ ಅದಿತ್ತು. ಆದರೆ ಕೀಲಿಮಣೆ ಗಾಜಿನ ಮೇಲಿನ ಚಿತ್ರ ಮಾತ್ರವಾದಾಗ, ಅದನ್ನು ಅಳಿಸಿ ಯಾವ ಭಾಷೆಯದನ್ನಾದರೂ ಬರೆಯಬಹುದಾಯಿತು. ಜಾಬ್ಸ್ ಕನ್ನಡವನ್ನು ನೆನೆದಿರಲಾರರು. ಲಾಭ ಮಾತ್ರ ಕನ್ನಡಕ್ಕೂ ಸಿಕ್ಕಿತು. ಇಂದು ಹಳ್ಳಿಯ ಅಂಗಡಿಯವರೂ ವಾಟ್ಸ್ಯಾಪಿನಲ್ಲಿ ಕನ್ನಡದಲ್ಲೇ ಬರೆಯುತ್ತಾರೆ, ಬರೆಯಲು ಬೇಸರವಾದರೆ ಮಾತಾಡಿ ಮೂಡಿಸುತ್ತಾರೆ.

ಕಳೆದುಕೊಂಡವರೂ ಇದ್ದಾರೆ. ಕಣ್ಣು ಕಾಣದವರಿಗೆ ಆ ಉಬ್ಬು ಬರೀ ಅನುಕೂಲವಲ್ಲ, ದಾರಿಯೇ ಆಗಿತ್ತು. ಬೆರಳಿಟ್ಟದ್ದನ್ನು ಓದಿ ಹೇಳುವ ವಾಯ್ಸ್‌ಓವರ್ 2009ರಲ್ಲಿ ಐಫೋನಿಗೆ ಬರುವವರೆಗೆ ಅವರಿಗೆ ಗಾಜಿನ ಫೋನು ಮುಚ್ಚಿದ ಬಾಗಿಲು. ಕೈ ನಡುಗುವ ಹಿರಿಯರು ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುವುದು ಈಗಲೂ ತಪ್ಪಿಲ್ಲ. ಬಟನ್ ಫೋನುಗಳು ಇನ್ನೂ ಮಾರಾಟವಾಗುತ್ತಿರುವುದು ಬೆಲೆಯ ಕಾರಣಕ್ಕಷ್ಟೇ ಅಲ್ಲ.

ಮುಂದೇನು? ಗಾಜೇ ಮಡಿಸುವಂತಾಗಿದೆ. 2019ರಲ್ಲಿ ಸ್ಯಾಮ್ಸಂಗ್ ಹೊರತಂದ ಫೋಲ್ಡ್ ಫೋನು ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಮರುವರ್ಷದ ಫ್ಲಿಪ್ ನೋಡಿದವರಿಗೆ ಸ್ಟಾರ್‌ಟ್ಯಾಕ್ ನೆನಪಾದರೆ ಆಶ್ಚರ್ಯವಿಲ್ಲ. ಇನ್ನು ಗುಂಡಿಗಳನ್ನು ಓಡಿಸಿದ ಆಪಲ್ಲೇ 2024ರಲ್ಲಿ ಐಫೋನ್ 16ರ ಅಂಚಿನಲ್ಲಿ, ಕ್ಯಾಮೆರಾಕ್ಕೆಂದು ಹೊಸದಾಗಿ ಒಂದು ಗುಂಡಿ ಕೂರಿಸಿತು.