ಆಲಮಟ್ಟಿಯ ವಿದ್ಯುತ್ತು ಮತ್ತು ಕೃಷ್ಣೆಯ ಪಾಲು

ಮುಂಗಾರು ಬಲಗೊಂಡು ಆಲಮಟ್ಟಿ ಜಲಾಶಯದ ಒಳಹರಿವು ಏರತೊಡಗಿದಾಗ ಬಾಗಲಕೋಟೆ ಜಿಲ್ಲೆಯ ಉದ್ಯಮ ವಲಯದಲ್ಲಿ ಎರಡು ಬಗೆಯ ಲೆಕ್ಕಾಚಾರ ಆರಂಭವಾಗುತ್ತದೆ. ಇಳಕಲ್ಲಿನ ಗ್ರಾನೈಟ್ ಘಟಕಗಳಿಗೂ ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಿಗೂ ಅದು ಭರವಸೆಯ ಸುದ್ದಿ. ನದೀತೀರದ ಕಬ್ಬನ್ನು ನಂಬಿದ ಬೆಲ್ಲ-ಸಕ್ಕರೆ ವ್ಯಾಪಾರಸ್ಥರಿಗೆ ಅದೇ ಸುದ್ದಿ ಆತಂಕ ತರುತ್ತದೆ. ನೀರಿನಿಂದ ವಿದ್ಯುತ್ ಪಡೆಯುವುದು ಈ ಭಾಗಕ್ಕೆ ಹೊಸದಲ್ಲ. ಘಟಪ್ರಭೆಯ ಗೋಕಾಕ ಜಲಪಾತದ ಬಲವನ್ನು ಅಲ್ಲಿನ ನೂಲಿನ ಗಿರಣಿಯು 19ನೆಯ ಶತಮಾನದಲ್ಲಿಯೇ ಬಳಸಿಕೊಂಡಿತ್ತು. ಆದರೆ ಆ ಜಲಪಾತಕ್ಕಿದ್ದ ಎತ್ತರದ ಅನುಕೂಲ ಬಯಲುಸೀಮೆಯ ಆಲಮಟ್ಟಿಗೆ ಇಲ್ಲ. ಸಮಸ್ಯೆಯ ಮೂಲವಿರುವುದೇ ಇಲ್ಲಿ.

ಆಲಮಟ್ಟಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ 55 ಮೆಗಾವ್ಯಾಟಿನ ಐದು ಹಾಗೂ 15 ಮೆಗಾವ್ಯಾಟಿನ ಒಂದು ಘಟಕವಿದ್ದು, ಒಟ್ಟು ಸ್ಥಾಪಿತ ಸಾಮರ್ಥ್ಯ 290 ಮೆಗಾವ್ಯಾಟ್. ನೀರು ಬೀಳುವ ಎತ್ತರ ಕಡಿಮೆಯಾದುದರಿಂದ ಅಷ್ಟು ವಿದ್ಯುತ್ತಿಗೆ ಅಪಾರ ಪ್ರಮಾಣದ ನೀರು ಬೇಕು. ಎಲ್ಲ ಘಟಕಗಳೂ ಪೂರ್ಣ ಸಾಮರ್ಥ್ಯದಲ್ಲಿ ತಿರುಗಿದರೆ ಸೆಕೆಂಡಿಗೆ ಸುಮಾರು 45 ಸಾವಿರ ಘನ ಅಡಿ, ಅಂದರೆ ದಿನಕ್ಕೆ ನಾಲ್ಕು ಟಿಎಂಸಿಗೆ ಸಮೀಪದ ನೀರು ಹೊರಹೋಗುತ್ತದೆ. 519.60 ಮೀಟರ್ ಮಟ್ಟದಲ್ಲಿ ಜಲಾಶಯದ ಸಂಗ್ರಹ ಸುಮಾರು 123 ಟಿಎಂಸಿ ಮಾತ್ರ. ಒಳಹರಿವಿಲ್ಲದ ಕಾಲದಲ್ಲಿ ಹೀಗೆ ಬಳಸಿದರೆ ಒಂದು ತಿಂಗಳಲ್ಲಿ ದಾಸ್ತಾನು ಖಾಲಿ! ಆದಕಾರಣ ಇಲ್ಲಿನ ಉತ್ಪಾದನೆ ಬಹುಮಟ್ಟಿಗೆ ಮಳೆಗಾಲದ ಬೆಳೆಯೇ ಆಗಿದೆ. ಬೇಸಿಗೆಯಲ್ಲಿ ನೀರಾವರಿಗೂ ಕುಡಿಯುವ ನೀರಿಗೂ ಬಿಟ್ಟ ಬಳಿಕ ಉಳಿಯುವುದು ಅತ್ಯಲ್ಪ.

ಮೇಲ್ದಂಡೆಯ ಕೊಯ್ನಾದ ಕಥೆ ಬೇರೆ. ಅಲ್ಲಿ ಕೃಷ್ಣಾ ಕೊಳ್ಳದ ನೀರನ್ನು ಸಹ್ಯಾದ್ರಿಯ ಪಶ್ಚಿಮಕ್ಕೆ ತಿರುಗಿಸಿ ವಿದ್ಯುತ್ ತೆಗೆಯಲಾಗುತ್ತದೆ. ಬಚಾವತ್ ನ್ಯಾಯಾಧಿಕರಣವು ವರ್ಷಕ್ಕೆ 67.5 ಟಿಎಂಸಿಗೆ ಅನುಮತಿ ನೀಡಿತ್ತು. ಆ ನೀರು ಮತ್ತೆ ಕೃಷ್ಣೆಯನ್ನು ಸೇರದು. ಆಲಮಟ್ಟಿಯಲ್ಲಿ ಹಾಗಲ್ಲ. ಟರ್ಬೈನ್ ದಾಟಿದ ನೀರು ಹುನಗುಂದ ಸೀಮೆಯ ಕೂಡಲಸಂಗಮದವರೆಗೂ ಹರಡಿರುವ ನಾರಾಯಣಪುರ ಜಲಾಶಯದ ಹಿನ್ನೀರನ್ನು ಸೇರಿ, ಅಲ್ಲಿಂದ ಕಾಲುವೆಗಳ ಮೂಲಕ ಹೊಲಗಳಿಗೆ ಹೋಗುತ್ತದೆ. ಸಂಜೆಯ ಬೇಡಿಕೆಗಾಗಿ ಆಲಮಟ್ಟಿಯಲ್ಲಿ ಥಟ್ಟನೆ ನೀರು ಹೆಚ್ಚಿಸಿದರೂ ನಾರಾಯಣಪುರವು ಆ ಏರಿಳಿತವನ್ನು ತನ್ನಲ್ಲಿಯೇ ತಡೆದುಕೊಳ್ಳಬಲ್ಲುದು. ಆದುದರಿಂದ ನದಿಯ ಆರೋಗ್ಯದ ಪ್ರಶ್ನೆಯು ಆಲಮಟ್ಟಿಯ ಟರ್ಬೈನುಗಳಿಗಿಂತ ಹೆಚ್ಚಾಗಿ ನಾರಾಯಣಪುರದ ಗೇಟುಗಳಿಗೆ ಸಂಬಂಧಿಸಿದ್ದು. ಅದರ ಕೆಳಗೆ ಹರಿವು ನಿಂತರೆ ಮೀನುಗಾರರು ಮಾತ್ರವಲ್ಲ, ಕೃಷ್ಣೆಯ ನೀರನ್ನೇ ಅವಲಂಬಿಸಿದ ರಾಯಚೂರು ಶಾಖೋತ್ಪನ್ನ ಸ್ಥಾವರವೂ ತೊಂದರೆಗೆ ಸಿಲುಕುತ್ತದೆ.

ಹರಿವು ನಿಂತ ನದಿ ಹೇಗಿರುತ್ತದೆಂಬುದನ್ನು ನೋಡಲು ಬಾದಾಮಿ ಕಡೆಯ ವರ್ತಕರು ದೂರ ಹೋಗಬೇಕಾಗಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಕೆಳಗೆ, ಪಟ್ಟದಕಲ್ಲು, ಐಹೊಳೆಗಳ ಬದಿಯ ಮಲಪ್ರಭೆಯಲ್ಲಿ ವರ್ಷದ ಬಹುಕಾಲ ಹರಿವೇ ಕಾಣದು. ಪಾತ್ರದೊಳಗೆ ಜಾಲಿ ಬೆಳೆದಿದೆ, ಒತ್ತುವರಿಯಾಗಿದೆ, ಮರಳು ಎತ್ತಲಾಗಿದೆ. ಆಣೆಕಟ್ಟು ತುಂಬಿ ಒಮ್ಮೆಲೇ ನೀರು ಬಿಟ್ಟಾಗ ಆ ಇಕ್ಕಟ್ಟಾದ ಪಾತ್ರ ಅದನ್ನು ಹೊರಲಾರದು. 2009ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳು ಇದರ ಪೆಟ್ಟನ್ನು ಅನುಭವಿಸಿದವು; 2019ರಲ್ಲಿ ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೂ ನೀರು ನುಗ್ಗಿತು. ಬೇಸಿಗೆಯಲ್ಲಿ ಅಷ್ಟಿಷ್ಟು ನೀರು ಹರಿಸುವುದು ಕೇವಲ ಮೀನು, ಹಕ್ಕಿಗಳ ಮೇಲಿನ ಕರುಣೆಯೆಂದು ಭಾವಿಸುವವರು ಈ ನಷ್ಟವನ್ನೂ ಖಾತೆಯಲ್ಲಿ ಬರೆದುಕೊಳ್ಳುವುದು ಲೇಸು.

ವಿದ್ಯುತ್ ಉತ್ಪಾದನೆಗೆ ಜಲಾಶಯ ಬೇಗ ತುಂಬಿ ಎತ್ತರದಲ್ಲಿಯೇ ನಿಲ್ಲಬೇಕು. ಪ್ರವಾಹ ನಿಯಂತ್ರಣಕ್ಕಾದರೋ ಅದರಲ್ಲಿ ಒಂದಷ್ಟು ಜಾಗ ಖಾಲಿಯಿರಬೇಕು. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್ಕಿಗೂ ಮಿಕ್ಕಿ ನೀರು ಬಿಡಬೇಕಾಗಿ ಬಂದಿತು. ಅದರಲ್ಲಿ ಟರ್ಬೈನುಗಳು ಬಳಸಬಲ್ಲದ್ದು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಕೊಯ್ನಾ ಮೊದಲಾದ ಮೇಲಿನ ಜಲಾಶಯಗಳ ಹೊರಹರಿವಿನ ಮಾಹಿತಿ ಗಂಟೆಗಂಟೆಗೂ ದೊರೆತು, ನೀರನ್ನು ಮುಂಚಿತವಾಗಿಯೇ ಟರ್ಬೈನುಗಳ ಮೂಲಕ ಹೊರಬಿಡುತ್ತ ಬಂದರೆ ವಿದ್ಯುತ್ತೂ ದೊರೆಯುತ್ತದೆ, ಜಾಗವೂ ಉಳಿಯುತ್ತದೆ. ಹೊಸ ಬಂಡವಾಳವನ್ನು ಹೆಚ್ಚಾಗಿ ಬೇಡದ ಈ ಉಪಾಯಕ್ಕೆ ಬೇಕಾದುದು ಎರಡು ರಾಜ್ಯಗಳ ಅಧಿಕಾರಿಗಳ ಸಹಕಾರ.

ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಏರಿಸುವ ವಿಷಯವೂ ಇದರೊಡನೆ ಹೆಣೆದುಕೊಂಡಿದೆ. ಎತ್ತರ ಹೆಚ್ಚಿದರೆ ನೀರಾವರಿ ವಿಸ್ತಾರಗೊಳ್ಳುವುದು ನಿಜ. ಅದಕ್ಕೆ ಸುಮಾರು 75 ಸಾವಿರ ಎಕರೆ ಭೂಮಿ ಮುಳುಗಬೇಕಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿಪಡಿಸಿತು. ಹಳೆಯ ಬಾಗಲಕೋಟೆಯ ಪೇಟೆಯಿಂದ ನವನಗರಕ್ಕೆ ಅಂಗಡಿ ಸ್ಥಳಾಂತರಿಸಿದ ವ್ಯಾಪಾರಿಗಳಿಗೆ ಪರಿಹಾರದ ಹಣ ಬೇರೆ, ಕೈತಪ್ಪಿದ ಗಿರಾಕಿ ಬೇರೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಎತ್ತರಕ್ಕೆ ಸಮ್ಮತಿಸಿದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣದ 2010ರ ತೀರ್ಪಿನಲ್ಲಿಯೇ ನದಿಯ ಕನಿಷ್ಠ ಹರಿವಿಗಾಗಿ ಮೂರು ರಾಜ್ಯಗಳಿಗೂ ಪ್ರತ್ಯೇಕ ಪಾಲು ಗೊತ್ತುಪಡಿಸಲಾಗಿದೆ ಎಂಬ ಅಂಶ ಸಾರ್ವಜನಿಕ ಚರ್ಚೆಯಲ್ಲಿ ಅಪರೂಪಕ್ಕೆ ಬರುತ್ತದೆ. ಕರ್ನಾಟಕದ ಲೆಕ್ಕದಲ್ಲಿ ಅದು 7 ಟಿಎಂಸಿ. ಆಲಮಟ್ಟಿಯ 15 ಮೆಗಾವ್ಯಾಟಿನ ಚಿಕ್ಕ ಘಟಕವೊಂದನ್ನೇ ನಡೆಸಿದರೆ ಅಷ್ಟು ನೀರು ಸುಮಾರು ಐದು ವಾರ ಸಾಲುತ್ತದೆ. ನದಿಗೆ ಬಿಡುವ ನೀರಿನಿಂದಲೇ ಒಂದಿಷ್ಟು ವಿದ್ಯುತ್ತೂ ಹುಟ್ಟುತ್ತದೆ. ಆದರೆ ಸುಪ್ರೀಂ ಕೋರ್ಟಿನ 2011ರ ಆದೇಶದಿಂದಾಗಿ ತೀರ್ಪು 2025ರ ಸೆಪ್ಟೆಂಬರ್ ವೇಳೆಗೂ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟಗೊಂಡಿರಲಿಲ್ಲ. ಅಣೆಕಟ್ಟಿನ ಹೆಚ್ಚುವರಿ ಎತ್ತರವೂ ನದಿಯ 7 ಟಿಎಂಸಿಯೂ ಒಂದೇ ಕಡತದಲ್ಲಿ ಕಾದು ಕುಳಿತಿದ್ದವು.